ಭಟ್ಕಳದಲ್ಲಿ ನೋಡಲೇನಿದೆ ಎನ್ನುವವರಿಗೆ

ಉತ್ತರ ಕನ್ನಡದ ಕರಾವಳಿಗೆ ಪ್ರವಾಸ ಹೊರಡುವವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಗೋಕರ್ಣ, ಇಡಗುಂಜಿ, ಮುರುಡೇಶ್ವರ, ಅಲ್ಲಿಂದ ಕೊಲ್ಲೂರು ಇಲ್ಲವೇ ಉಡುಪಿ. ಎರಡು ದಿನಕ್ಕೊಂದು ಟೆಂಪೊ ಟ್ರಾವೆಲರ್, ನಡುವೆ ಒಂದು ರಾತ್ರಿ ಮುರುಡೇಶ್ವರದಲ್ಲಿ ಸಮುದ್ರ ಕಾಣುವ ಕೋಣೆ. ಅಲ್ಲಿಂದ ದಕ್ಷಿಣಕ್ಕೆ ಹೊರಟ ಗಾಡಿ ಸುಮಾರು 15 ಕಿ.ಮೀ. ಸಾಗಿದ ಮೇಲೆ ತಾಲ್ಲೂಕು ಕೇಂದ್ರವೊಂದನ್ನು ಹಾದುಹೋಗುತ್ತದೆ. ಅಲ್ಲಿ ನಿಲ್ಲುವುದು ಕಡಿಮೆ. ನಿಂತರೂ ಡೀಸೆಲ್‌ಗೋ ಚಹಾಕ್ಕೋ. ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಭಟ್ಕಳದಲ್ಲಿ ನೋಡಲೇನಿದೆ?’ ಅದರ ಹಿಂದೆಯೇ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು: ‘ಅಲ್ಲಿ ಉಳಿಯೋದೆಲ್ಲ ಬೇಡ.’

ಈ ಎರಡೂ ಮಾತು ತಪ್ಪು. ಕಡಲಿನ ಜೊತೆ ಕನ್ನಡನಾಡಿಗಿದ್ದ ವ್ಯವಹಾರ ಎಂಥದು, ಅದರಿಂದ ಯಾವ ಬಗೆಯ ಊರು, ಗುಡಿ, ಬಸದಿ, ಮಸೀದಿ, ಮನೆ, ಊಟ ಹುಟ್ಟಿತು ಎಂಬುದನ್ನು ನಡೆದೇ ನೋಡಬಹುದಾದ ಊರು ನಮ್ಮ ಕರಾವಳಿಯಲ್ಲಿ ಇದ್ದರೆ ಅದು ಭಟ್ಕಳ. ಅದನ್ನು ನೋಡಬೇಕಾದರೆ ಅಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕು. ಉಳಿಯುವುದನ್ನು ಒಪ್ಪದೆ ನೋಡುವುದು ದಕ್ಕುವುದಿಲ್ಲ.

ಹಂಪಿಯಿಂದಲೇ ಶುರುಮಾಡೋಣ, ಯಾಕೆಂದರೆ ಹಂಪಿಯನ್ನು ನೋಡದ ಕನ್ನಡಿಗರು ಕಡಿಮೆ. ಹಜಾರ ರಾಮ ಗುಡಿಯ ಪ್ರಾಕಾರದ ಹೊರಗೋಡೆಯ ಮೇಲೆ ಸಾಲುಸಾಲು ಕುದುರೆಗಳಿವೆ. ಲಗಾಮು ಹಿಡಿದು ಅವುಗಳನ್ನು ನಡೆಸುವ ಆಳುಗಳಿದ್ದಾರೆ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲೂ ಕುದುರೆಗಳು, ಪರದೇಶಿ ವರ್ತಕರು. ಮಾರ್ಗದರ್ಶಕರು ಅದನ್ನು ತೋರಿಸಿ ‘ಅರಬ್ಬಿ ಕುದುರೆ’ ಎನ್ನುತ್ತಾರೆ, ನಾವು ಫೋಟೊ ತೆಗೆದುಕೊಳ್ಳುತ್ತೇವೆ. ಆ ಕುದುರೆಗಳು ಹಂಪಿಗೆ ಬಂದದ್ದು ಎಲ್ಲಿಂದ ಎಂದು ಕೇಳುವುದಿಲ್ಲ. ಹೊರ್ಮುಜ್‌ನ ಕಡೆಯಿಂದ ಹಡಗೇರಿ ಬಂದ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ ಬಹುಮುಖ್ಯವಾದದ್ದು. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡು ಬರೆದ ಪೋರ್ಚುಗೀಸ ದುವಾರ್ತೆ ಬಾರ್ಬೊಸಾ ಇಲ್ಲಿಗೆ ಬರುವ ಕುದುರೆಗಳ ಬಗೆಗೂ ಇಲ್ಲಿಂದ ಹೊರಹೋಗುವ ಅಕ್ಕಿ, ಸಕ್ಕರೆ, ಕಬ್ಬಿಣದ ಬಗೆಗೂ ಹೇಳುತ್ತಾನೆ. ಇನ್ನೊಬ್ಬ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಭಟ್ಕಳದಿಂದ ಒಳನಾಡಿಗೆ ಸಾಗುವ ಹೇರೆತ್ತುಗಳ ದೊಡ್ಡ ಸಾಲುಗಳನ್ನು ವರ್ಣಿಸುತ್ತಾನೆ. ವಿಜಯನಗರದ ಅಶ್ವದಳಕ್ಕೆ ಈ ಬಂದರು ಬೇಕೇಬೇಕಿತ್ತು.

ಪೋರ್ಚುಗೀಸರಿಗೂ ಅದು ಚೆನ್ನಾಗಿ ಗೊತ್ತಿತ್ತು. 1502ರಲ್ಲಿ ವಾಸ್ಕೊ ಡ ಗಾಮ ಎರಡನೆಯ ಬಾರಿ ಬಂದಾಗ ಭಟ್ಕಳದ ಮೇಲೆ ಎರಗಿ ಅಕ್ಕಿಯ ಕಪ್ಪ ಹೇರಿದ. 1510ರಲ್ಲಿ ಗೋವೆಯ ಮೇಲೆ ಕಣ್ಣಿಟ್ಟಿದ್ದ ಅಲ್ಬುಕರ್ಕ್, ಭಟ್ಕಳದಲ್ಲೊಂದು ಕೋಟೆ ಕಟ್ಟಲು ಅಪ್ಪಣೆ ಬೇಕೆಂದು ಕೃಷ್ಣದೇವರಾಯನ ಆಸ್ಥಾನಕ್ಕೆ ದೂತನನ್ನು ಕಳಿಸಿದ. 1542ರಲ್ಲಿ ಕಪ್ಪದ ವಿಷಯಕ್ಕೆ ಜಗಳ ತೆಗೆದು ಮಾರ್ಟಿಮ್ ಅಫೊನ್ಸೊ ದೆ ಸೋಜಾ ಊರನ್ನು ಸೂರೆಗೈದು ಸುಟ್ಟ. 1547ರಲ್ಲಿ ವಿಜಯನಗರದ ಜೊತೆ ಪೋರ್ಚುಗೀಸರು ಮಾಡಿಕೊಂಡ ಒಪ್ಪಂದ ಕುದುರೆ ವ್ಯಾಪಾರವನ್ನು ಗೋವೆಯ ಕಡೆ ತಿರುಗಿಸಿತು. ಇಷ್ಟಾದ ಮೇಲೂ ಊರು ಸಾಯಲಿಲ್ಲ. 1637ರಲ್ಲಿ ಇಂಗ್ಲಿಷರ ಕೋರ್ಟೀನ್ ಸಂಘದ ಹಡಗುಗಳು ವೆಡ್ಡೆಲ್‌ನ ನಾಯಕತ್ವದಲ್ಲಿ ಇದೇ ಭಟ್ಕಳಕ್ಕೆ ಮೆಣಸು ಹುಡುಕಿಕೊಂಡು ಬಂದವು. ಆ ತಂಡದಲ್ಲಿದ್ದ ಪೀಟರ್ ಮುಂಡಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟ.

‘ನೋಡಲೇನಿದೆ’ ಎನ್ನುವವರು ಇದನ್ನೆಲ್ಲ ಕೇಳಿ, ‘ಅದು ಪುಸ್ತಕದ ವಿಷಯ, ಕಣ್ಣಿಗೆ ಕಾಣುವುದೇನಿದೆ’ ಎನ್ನಬಹುದು. ಹಾಗಾದರೆ ಮೂಡಭಟ್ಕಳಕ್ಕೆ ಬನ್ನಿ. ಅಲ್ಲಿನ ಖೇತಪೈ ನಾರಾಯಣ ಗುಡಿ 16ನೇ ಶತಮಾನದ್ದು, ಕೇಂದ್ರ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಗುಡಿ ದೊಡ್ಡದಲ್ಲ. ಬೇಲೂರು, ಹಂಪಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಮೊದಲ ನೋಟಕ್ಕೆ ಇಷ್ಟೇನಾ ಅನ್ನಿಸಬಹುದು. ಆದರೆ ಮೊದಲು ಮಾಡನ್ನು ನೋಡಿ. ಬಯಲುಸೀಮೆಯ ಗುಡಿಗಳ ಹಾಗೆ ಚಪ್ಪಟೆಯಲ್ಲ. ದೊಡ್ಡ ದೊಡ್ಡ ಕಲ್ಲಿನ ಹಾಸುಗಳನ್ನು ಇಳಿಜಾರಾಗಿ ಹೊಂದಿಸಿ ಹೊದಿಸಿದ್ದಾರೆ. ಕಂಬಗಳ ನಡುವೆ ನೋಡಿ. ಗೋಡೆಯಿರಬೇಕಾದ ಕಡೆ ಕಲ್ಲಿನದೇ ಅಡ್ಡಪಟ್ಟಿಗಳ ತಡಿಕೆಯಿದೆ. ಹೊರಗಿನ ಇರಿಚಲು ಒಳಗೆ ಬಾರದು, ಗಾಳಿ ಬೆಳಕು ಮಾತ್ರ ಬರುತ್ತದೆ. ಈ ನಾಡಿನ ಮನೆಗಳಲ್ಲಿ ಬಡಗಿಯು ಮರದಲ್ಲಿ ಮಾಡುತ್ತಿದ್ದ ಕೆಲಸವನ್ನು ಶಿಲ್ಪಿ ಕಲ್ಲಿನಲ್ಲಿ ಮಾಡಿದ್ದಾನೆ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ನೆಲದಲ್ಲಿ ದೇವರಿಗೊಂದು ಸೂರು ಹೇಗಿರಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕಂಡಿಲ್ಲ.

ಆಮೇಲೆ ಹೊರಗೋಡೆಯ ಸುತ್ತ ಬನ್ನಿ. ರಾಮಾಯಣದ ಪ್ರಸಂಗಗಳು ಸಣ್ಣ ಸಣ್ಣ ಚೌಕಗಳಲ್ಲಿ ಸಾಲಾಗಿವೆ. ರಾಜಧಾನಿಯ ಹಜಾರ ರಾಮ ಗುಡಿಯಲ್ಲೂ ರಾಮಾಯಣ ಹೀಗೆಯೇ ಗೋಡೆ ಹಿಡಿದು ನಡೆಯುತ್ತದೆ. ಅಲ್ಲಿ ಅರಸನ ವೈಭವ, ಇಲ್ಲಿ ಬಂದರಿನ ಊರಿನವರ ಭಕ್ತಿ. ಇಲ್ಲಿನ ಗೆರೆಗಳು ಮೊಂಡು, ಆಕೃತಿಗಳು ಕುಳ್ಳು, ಆದರೆ ಕತೆ ಹೇಳುವ ಉತ್ಸಾಹ ಕಡಿಮೆಯಿಲ್ಲ. ಅರಮನೆಯ ಕಲೆ ಘಟ್ಟ ಇಳಿದು ಬಂದು ಊರಿನ ಕೈಗೆ ಸಿಕ್ಕಾಗ ಹೇಗೆ ಮಾರ್ಪಟ್ಟಿತು ಎಂಬುದನ್ನು ಎರಡೂ ಗೋಡೆಗಳನ್ನು ಕಂಡವರೇ ಬಲ್ಲರು. ಅರ್ಧ ಕತೆಯನ್ನು ಹಂಪಿಯಲ್ಲಿ ಓದಿ ಉಳಿದರ್ಧವನ್ನು ಹೆದ್ದಾರಿಯಲ್ಲಿ ದಾಟಿಹೋಗುವುದು ನಮಗೆ ನಾವೇ ಮಾಡಿಕೊಳ್ಳುವ ನಷ್ಟ.

ಊರಿನ ಒಳಗೆ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಿದೆ. ಒಂದರ ಹಿಂದೊಂದು ಎರಡು ಕಟ್ಟಡ, ಅವನ್ನು ಜೋಡಿಸುವ ಮಂಟಪ, ಅಂತಸ್ತಿನ ಮೇಲೆ ಕೋಣೆಗಳು, ಹಿಂಬದಿಗೆ ಎತ್ತರದ ಒಂಟಿಗಲ್ಲಿನ ಕಂಬ. ಇಲ್ಲೂ ಅದೇ ಇಳಿಜಾರು ಮಾಡು, ಅದೇ ಮಳೆಯ ಲೆಕ್ಕಾಚಾರ. ನಾರಾಯಣನ ಗುಡಿಯೋ ಜಿನಾಲಯವೋ ಎಂಬುದು ಒಳಗೆ ಹೋದ ಮೇಲೆ ತಿಳಿಯುವ ಮಾತು. ಹೊರಗಿನಿಂದ ಎರಡೂ ಒಂದೇ ಕಸುಬಿನವರ ಕೈಕೆಲಸ. ಈ ಊರಿನ ಮೇಲೆ ಹಾಡುವಳ್ಳಿ, ಗೇರುಸೊಪ್ಪೆಗಳ ಜೈನ ಅರಸು ಮನೆತನಗಳ ಹಿಡಿತವಿತ್ತು. 1552ರಿಂದ 1606ರವರೆಗೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿ ಸೆರೆಯಿಟ್ಟ. ಭಟ್ಕಳದಲ್ಲಿ ಉಳಿದವರಿಗೆ ಘಟ್ಟದ ಬುಡದ ಹಾಡುವಳ್ಳಿ ಅರ್ಧ ದಿನದ ಹಾದಿ. ಹಿಂದೆ ಸಂಗೀತಪುರವೆಂದು ಹೆಸರಾಗಿದ್ದ ಆ ಹಳ್ಳಿ ಈಗ ಅಡಿಕೆ ತೋಟಗಳ ನಡುವೆ ಬಸದಿಗಳನ್ನಿಟ್ಟುಕೊಂಡು ಸುಮ್ಮನಿದೆ. 1604ರಲ್ಲಿ ‘ಕರ್ನಾಟಕ ಶಬ್ದಾನುಶಾಸನ’ ಎಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ ಭಟ್ಟಾಕಳಂಕ ಅಲ್ಲಿನ ಮಠದ ಪರಂಪರೆಯವನು. ಕನ್ನಡದ ಹೆಮ್ಮೆಯ ಮಾತಾಡುವ ನಾವು ಆ ಹಳ್ಳಿಯ ದಾರಿ ಕೇಳಿದ್ದೇವೆಯೇ?

ಚೌಕ ಬಜಾರದಿಂದ ಹಳೆಯ ನವಾಯತ ಕೇರಿಗಳಿಗೆ ಕಾಲಿಟ್ಟರೆ ಕತೆಯ ಇನ್ನೊಂದು ಬದಿ. ಕಡಲ ವ್ಯಾಪಾರಕ್ಕೆ ಅರಬ್ ಪರ್ಶಿಯಾ ಕಡೆಯಿಂದ ಬಂದು ಇಲ್ಲಿಯೇ ನೆಲೆನಿಂತವರ ಸಂತತಿ ತಾವೆಂದು ನವಾಯತರು ಹೇಳಿಕೊಳ್ಳುತ್ತಾರೆ. ಅವರ ಮನೆಮಾತಿನ ಮೂಳೆ ಕೊಂಕಣಿಯದು; ಅರಬ್ಬಿ, ಪಾರ್ಸಿ ಶಬ್ದಗಳು ಅದರಲ್ಲಿ ಹಾಸುಹೊಕ್ಕಾಗಿವೆ; ಬರವಣಿಗೆ ಉರ್ದುವಿನ ಲಿಪಿಯಲ್ಲಿ. ಆ ಮಾತಿನಲ್ಲಿ ಒಂದು ಪತ್ರಿಕೆಯೂ ನಡೆದುಬಂದಿದೆ, ‘ನಕ್ಷ್-ಎ-ನವಾಯತ್’. 1919ರಲ್ಲಿ ಶುರುವಾದ ಅಂಜುಮನ್ ಸಂಸ್ಥೆಯ ಶಾಲೆ ಕಾಲೇಜುಗಳಲ್ಲಿ ಈ ತಾಲ್ಲೂಕಿನ ಎಷ್ಟೋ ತಲೆಮಾರು ಓದಿದೆ. ಊರ ಜಾಮಿಯಾ ಮಸೀದಿಯನ್ನು ಜನ ಕನ್ನಡದಲ್ಲೇ ‘ಚಿನ್ನದ ಪಳ್ಳಿ’ ಎನ್ನುತ್ತಾರೆ.

ಊಟದಲ್ಲೂ ಅದೇ ಇತಿಹಾಸ. ಭಟ್ಕಳಿ ಬಿರಿಯಾನಿಯಲ್ಲಿ ಈರುಳ್ಳಿ, ಹಸಿಮೆಣಸುಗಳ ಮಸಾಲೆಯಲ್ಲಿ ಮಾಂಸವನ್ನು ಬೇರೆಯಾಗಿ ಬೇಯಿಸುತ್ತಾರೆ, ಅನ್ನವನ್ನು ಬೇರೆಯಾಗಿ ಬಸಿಯುತ್ತಾರೆ, ಆಮೇಲೆ ಪದರ ಹಾಕುತ್ತಾರೆ. ಎಣ್ಣೆ ಜಿಡ್ಡು ಕಡಿಮೆ, ಈರುಳ್ಳಿಯ ಸಿಹಿಯೇ ಮುಂದು. ಅನ್ನದ ಬದಲಿಗೆ ಶಾವಿಗೆ ಹಾಕಿ ಮಾಡುವ ಬಿರಿಯಾನಿಯೂ ಇಲ್ಲಿಯದೇ. ಬೆಲ್ಲ, ತೆಂಗಿನಹಾಲಿನ ಅವರ ಪಾಯಸ ನಮ್ಮ ಕರಾವಳಿಯ ಯಾವ ಹಬ್ಬದ ಎಲೆಗೂ ಸಲ್ಲುತ್ತದೆ. ಮಾಂಸ ತಿನ್ನದವರಿಗೂ ಈ ಊರಲ್ಲಿ ಕೊರತೆಯಿಲ್ಲ. ಗೌಡ ಸಾರಸ್ವತರ, ಹವ್ಯಕರ ಅಡುಗೆ ಇದೇ ತಾಲ್ಲೂಕಿನದು.

ಇನ್ನು ಉಳಿಯುವ ಮಾತು. ಕರಾವಳಿಯ ಊರನ್ನು ನೋಡುವ ಹೊತ್ತೇ ಬೇರೆ ಎಂಬುದನ್ನು ನಮ್ಮ ಪ್ರವಾಸದ ವೇಳಾಪಟ್ಟಿಗಳು ಲೆಕ್ಕಕ್ಕೇ ಇಟ್ಟಿಲ್ಲ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಇಲ್ಲಿ ಬಿಸಿಲಿನ ಜೊತೆ ಸೆಕೆ. ಅಂಗಿ ಮೈಗಂಟುತ್ತದೆ, ಕಲ್ಲು ಕಾದು ಬರಿಗಾಲಿಡಲು ಆಗುವುದಿಲ್ಲ, ಗುಡಿಗಳ ಬಾಗಿಲು ಹಾಕಿರುತ್ತದೆ, ಅಂಗಡಿಯವರು ಊಟಕ್ಕೆ ಹೋಗಿರುತ್ತಾರೆ. ದಿನಕ್ಕೆ ಐದು ಊರು ಮುಟ್ಟಬೇಕೆಂದು ಹೊರಟ ಗಾಡಿ ಸರಿಯಾಗಿ ಈ ಹೊತ್ತಿಗೇ ಬಂದು ನಿಲ್ಲುತ್ತದೆ. ಮುಚ್ಚಿದ ಬಾಗಿಲು, ಉರಿಬಿಸಿಲು ಕಂಡು ‘ಏನಿಲ್ಲ ಇಲ್ಲಿ’ ಎಂದು ತೀರ್ಪು ಕೊಟ್ಟು ಹೊರಡುತ್ತದೆ. ಇಲ್ಲಿಯ ಊರುಗಳಿಗೆ ಜೀವ ಬರುವುದು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಮತ್ತೆ ಸಂಜೆ ಬಿಸಿಲು ತಗ್ಗಿದ ಮೇಲೆ. ಬೆಳಗಿನ ಓರೆಬಿಸಿಲಲ್ಲಿ ಮಾತ್ರ ಖೇತಪೈ ಗುಡಿಯ ಸವೆದ ಚೌಕಗಳು ಸ್ಪಷ್ಟವಾಗಿ ಎದ್ದುಕಾಣುತ್ತವೆ. ಭಟ್ಕಳ ಮಲ್ಲಿಗೆಯ ಮೊಗ್ಗು ಕೊಯ್ಯುವುದು, ಹೆಂಗಸರು ಕೂತು ಕಟ್ಟುವುದು, ಪೇಟೆಗೆ ಸಾಗಿಸುವುದು ಎಲ್ಲ ಹೊತ್ತು ಏರುವುದರೊಳಗೆ ಮುಗಿಯುವ ಕೆಲಸ. ಮೀನುಪೇಟೆಯ ಸದ್ದೂ ಬೆಳಗಿನದೇ. ಹಿಂದಿನ ರಾತ್ರಿ ಊರಲ್ಲೇ ಮಲಗಿದವನಿಗಷ್ಟೇ ಇವು ಸಿಗುತ್ತವೆ.

ಮಳೆಗಾಲದಲ್ಲಿ ಕರಾವಳಿ ಬೇಡ ಎನ್ನುವ ಸಲಹೆಯನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಕಡಲಿಗಿಳಿಯುವುದು ಆಗ ಖಂಡಿತ ಸಲ್ಲದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ. ಆದರೆ ಆ ಕಲ್ಲಿನ ಮಾಡೂ ಆ ತಡಿಕೆಯೂ ಯಾಕೆ ಹಾಗಿವೆ ಎಂದು ತಿಳಿಯಲು ಒಂದು ಜಡಿಮಳೆ ಸಾಕು. ಗುಡಿಯ ಮಂಟಪದಲ್ಲಿ ನಿಂತು, ಹಾಸುಗಳ ಅಂಚಿನಿಂದ ನೀರು ಹೊರಕ್ಕೆ ಚಿಮ್ಮಿ ಬೀಳುವುದನ್ನೂ ಕಾಲಡಿಯ ನೆಲ ಒಣಗಿಯೇ ಇರುವುದನ್ನೂ ಕಂಡಮೇಲೆ ವಾಸ್ತುಶಿಲ್ಪದ ಪಾಠ ಬೇಕಾಗುವುದಿಲ್ಲ.

ಈಗ ತಗ್ಗಿದ ದನಿಯ ಆ ಎರಡನೆಯ ಮಾತಿಗೆ ಬರೋಣ. ಭಟ್ಕಳದ ಹೆಸರಿಗೆ ಅಂಟಿದ ಭಯ ಸುಮ್ಮನೆ ಹುಟ್ಟಿದ್ದಲ್ಲ. 1993ರಲ್ಲಿ ತಿಂಗಳುಗಟ್ಟಲೆ ಕೋಮುಗಲಭೆ ನಡೆಯಿತು, ಜೀವಗಳು ಹೋದವು. 1996ರಲ್ಲಿ ಕ್ಷೇತ್ರದ ಶಾಸಕ ಡಾ. ಯು. ಚಿತ್ತರಂಜನ್ ಅವರ ಕೊಲೆಯಾಯಿತು. ಆಮೇಲಿನ ವರ್ಷಗಳಲ್ಲಿ ಭಯೋತ್ಪಾದನೆಯ ಪ್ರಕರಣಗಳಲ್ಲಿ ಈ ಊರಿನ ಕೆಲವರ ಹೆಸರು ಬಂತು, ಶಿಕ್ಷೆಯೂ ಆಯಿತು. ಇದನ್ನು ಮರೆಯಿರಿ ಎಂದು ನಾನು ಹೇಳುವುದಿಲ್ಲ. ನೊಂದ ಮನೆಗಳು ಇನ್ನೂ ಅಲ್ಲಿವೆ. ಆದರೆ ಊರಿನ ಹೆಸರನ್ನೇ ಆರೋಪಿಯ ಅಡ್ಡಹೆಸರಾಗಿ ದಿನವಿಡೀ ಪರದೆಯ ಮೇಲೆ ಓಡಿಸಿದಾಗ, ಅಲ್ಲಿ ಬದುಕುವ ಎಲ್ಲರನ್ನೂ ಒಟ್ಟಿಗೆ ಕಟಕಟೆಗೆ ನಿಲ್ಲಿಸಿದ ಹಾಗಾಯಿತು. ಇದಕ್ಕಿಂತ ದೊಡ್ಡ ಗಲಭೆ, ಸ್ಫೋಟಗಳನ್ನು ಕಂಡ ಮುಂಬೈಗೆ ಹೋಗಲು ನಾವು ಹಿಂಜರಿಯುವುದಿಲ್ಲ. ಬೇರೆಡೆ ಒಂದು ಘಟನೆಯನ್ನು ಘಟನೆಯೆಂದು ನೋಡುವವರು ಇಲ್ಲಿ ಮಾತ್ರ ಅದನ್ನು ಊರಿನ ಗುಣವೆಂದು ನೋಡುತ್ತೇವೆ. ಈ ಅಳತೆಯ ಭೇದ ನ್ಯಾಯವಲ್ಲ.

ಇದಕ್ಕೆ ಉತ್ತರವಾಗಿ ಭಟ್ಕಳದ ಪರ ವಹಿಸುವವರು ಹೇಳುವ ಮಾತಿನಲ್ಲೂ ನನಗೆ ತೊಡಕು ಕಾಣುತ್ತದೆ. ರಾಮನವಮಿಯ ಹೊತ್ತಿನ ಚನ್ನಪಟ್ಟಣ ಹನುಮಂತ ದೇವಸ್ಥಾನದ ರಥೋತ್ಸವಕ್ಕೆ ಮುನ್ನ ದೇವಸ್ಥಾನದವರು ಹಳೆಯ ನವಾಯತ ಮನೆತನಗಳಿಗೆ ಹೋಗಿ ಆಹ್ವಾನ ಕೊಡುವ ರೂಢಿಯಿದೆ. ಅದು ದೊಡ್ಡ ಮಾತೇ. ಪತ್ರಿಕೆಗಳು ಅದನ್ನು ಸೌಹಾರ್ದದ ಮಾದರಿಯೆಂದು ಬರೆಯುತ್ತವೆ. ಬರೆಯಲಿ. ಆದರೆ ಊರನ್ನು ಸೌಹಾರ್ದದ ಪ್ರದರ್ಶನವಾಗಿಯಷ್ಟೇ ನೋಡುವುದೂ ಒಂದು ಬಗೆಯಲ್ಲಿ ಅದನ್ನು ನೋಡದೇ ಇರುವುದೇ. ಭಟ್ಕಳವೆಂದರೆ ದ್ವೇಷ ಎನ್ನುವವರೂ ಭಟ್ಕಳವೆಂದರೆ ಸಾಮರಸ್ಯ ಎನ್ನುವವರೂ ಇಂದಿನ ಜಗಳವನ್ನೇ ಅಲ್ಲಿಗೆ ಹೊತ್ತುಕೊಂಡು ಹೋಗುತ್ತಾರೆ. ಈ ಊರನ್ನು ಕಟ್ಟಿದ್ದು ವ್ಯಾಪಾರ. ಜೈನ ನಾಯಕನೂ, ನಾರಾಯಣನ ಭಕ್ತನೂ, ನವಾಯತ ಹಡಗಿನ ಯಜಮಾನನೂ ಒಬ್ಬರನ್ನೊಬ್ಬರು ಮೆಚ್ಚಿದರೋ ಇಲ್ಲವೋ, ಒಂದೇ ಬಂದರಿನ ಲಾಭ ನಷ್ಟಕ್ಕೆ ಕಟ್ಟುಬಿದ್ದಿದ್ದರು. ಊರು ಸುಟ್ಟದ್ದೂ ಈ ಗುಡಿ ಬಸದಿಗಳು ಎದ್ದದ್ದೂ ಒಂದೇ ಶತಮಾನದಲ್ಲಿ. ಸುಟ್ಟ ಊರಿನಲ್ಲಿ ಮತ್ತೆ ದುಡಿದು, ದುಡಿದದ್ದನ್ನು ಕಲ್ಲಿಗೆ ಸುರಿದವರ ಛಲವೇ ನಾವು ಅಲ್ಲಿ ನೋಡಬೇಕಾದ ಸಂಗತಿ.

ಮುರುಡೇಶ್ವರವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಡಲ ದಂಡೆಯ 123 ಅಡಿಯ ಶಿವನನ್ನು ಕಂಡು ಕೈಮುಗಿದವರ ಭಕ್ತಿ ನಿಜವಾದದ್ದು, ಅಲ್ಲಿನ ಕ್ಷೇತ್ರವೂ ಹಳೆಯದೇ. ನನ್ನ ತಕರಾರು ಎತ್ತರವನ್ನೇ ಅಳತೆಗೋಲು ಮಾಡಿಕೊಂಡ ನಮ್ಮ ಅಭ್ಯಾಸದ ಮೇಲೆ. ದೂರದಿಂದಲೇ ಕಾಣುವುದು ಮಾತ್ರ ನೋಡತಕ್ಕದ್ದು ಎಂದು ನಂಬಿದರೆ, ಹತ್ತಿರ ಹೋಗಿ ಬಗ್ಗಿ ನೋಡಬೇಕಾದದ್ದೆಲ್ಲ ನಮ್ಮ ಪಾಲಿಗೆ ಇಲ್ಲವಾಗುತ್ತದೆ. ಆ ನಂಬಿಕೆಯಿಂದ ಇನ್ನೂ ಒಂದು ಅನಾಹುತವಿದೆ. ಹಳೆಯ ಇಳಿಜಾರು ಮಾಡಿನ ಗುಡಿಗಳ ಊರವರೂ ‘ನಮ್ಮದು ಸಣ್ಣದಾಯಿತು’ ಎಂದು ಎದುರಿಗೊಂದು ಸಿಮೆಂಟಿನ ಗೋಪುರ ಎಬ್ಬಿಸಲು ಹೊರಡುತ್ತಾರೆ. ನೆಲಕ್ಕೆ ಟೈಲ್ಸು, ಕಲ್ಲಿಗೆ ಬಣ್ಣ ಬರುತ್ತದೆ. ಕರಾವಳಿಯ ಉದ್ದಕ್ಕೂ ಇದು ನಡೆದಿದೆ. ನೋಡುವವರು ಬಂದು, ಈ ಮಾಡೇ ಚೆಂದ, ಈ ತಡಿಕೆಯೇ ವಿಶೇಷ ಎಂದು ಹೇಳಿದರೆ ಊರವರಿಗೂ ಅದನ್ನು ಉಳಿಸಿಕೊಳ್ಳುವ ಧೈರ್ಯ ಬಂದೀತು.

‘ಉಳಿಯಲು ಒಳ್ಳೆಯ ಜಾಗವಿಲ್ಲ’ ಎಂಬ ಆಕ್ಷೇಪಕ್ಕೆ ಸ್ವಲ್ಪ ಹುರುಳಿದೆ. ಭಟ್ಕಳದ ಲಾಡ್ಜುಗಳು ವ್ಯಾಪಾರಕ್ಕೆ, ಮದುವೆಗೆ, ಗಲ್ಫಿನಿಂದ ಬಂದುಹೋಗುವ ನೆಂಟರಿಗೆ ಇರುವಂಥವು. ಕಿಟಕಿ ತೆರೆದರೆ ಕಡಲು ಕಾಣುವುದಿಲ್ಲ, ಪೇಟೆಯ ಬೀದಿ ಕಾಣುತ್ತದೆ. ಸಂಸ್ಕೃತಿಯನ್ನು ನೋಡಬಂದವರಿಗೆ ಆ ಬೀದಿಯೇ ಬೇಕಾದದ್ದು. ಕೊಂಕಣ ರೈಲು ಇಲ್ಲಿ ನಿಲ್ಲುತ್ತದೆ, ಬಸ್ಸುಗಳಿಗೆ ಲೆಕ್ಕವಿಲ್ಲ, ಆಟೊದಲ್ಲಿ ಮೂಡಭಟ್ಕಳಕ್ಕೂ ಬಂದರಿಗೂ ಹೋಗಿಬರಬಹುದು.

ಹೋಗುವವರಿಗೂ ಕೆಲವು ಹೊಣೆಗಳಿವೆ. ಇವು ಟಿಕೆಟು ಹರಿದು ಒಳಬಿಡುವ ಸ್ಥಳಗಳಲ್ಲ. ಪೂಜೆ, ನಮಾಜು ನಡೆಯುವ, ಜನ ವಾಸವಿರುವ ಕೇರಿಗಳು. ಅರ್ಚಕರನ್ನು ಕೇಳಿ ಒಳಗೆ ಹೋಗಬೇಕು. ಮಸೀದಿಯ ಬಾಗಿಲಲ್ಲಿ ಹಿರಿಯರೊಬ್ಬರನ್ನು ಕಂಡು ಅನುಮತಿ ಪಡೆಯಬೇಕು. ಮನೆಯ ಜಗುಲಿಯೂ ಬುರ್ಖಾ ತೊಟ್ಟು ನಡೆಯುವ ಹೆಣ್ಣುಮಗಳೂ ಕ್ಯಾಮೆರಾಕ್ಕೆ ಒಡ್ಡಿಕೊಂಡ ವಸ್ತುಗಳಲ್ಲ. ಶುಕ್ರವಾರ ಮಧ್ಯಾಹ್ನ ಪೇಟೆಯ ಬಾಗಿಲು ಹಾಕಿದ್ದರೆ ಅದು ನಮ್ಮ ಮೇಲಿನ ಸಿಟ್ಟಲ್ಲ. ಕೇಳಿದರೆ ದಾರಿ ತೋರಿಸುವವರು, ಕರೆದು ಕೂರಿಸಿ ಚಹಾ ಕೊಡುವವರು ಇಲ್ಲಿಯೂ ಕರಾವಳಿಯ ಬೇರೆಲ್ಲ ಊರಿನಷ್ಟೇ ಇದ್ದಾರೆ.

ಪ್ರವಾಸೋದ್ಯಮದ ಹೊಣೆ ಹೊತ್ತವರಿಂದ ಕೇಳಬೇಕಾದದ್ದೂ ದೊಡ್ಡದೇನಲ್ಲ. ಹೆದ್ದಾರಿಯಲ್ಲಿ ಮೂಡಭಟ್ಕಳದ ಗುಡಿಗಳಿಗೂ ಬಸದಿಗೂ ಹಾಡುವಳ್ಳಿಗೂ ಕನ್ನಡದಲ್ಲಿ ಸ್ಪಷ್ಟವಾದ ದಾರಿಫಲಕ, ಪ್ರತಿ ಗುಡಿಯೆದುರು ಅದನ್ನು ಕಟ್ಟಿದವರ ಬಗ್ಗೆಯೂ ಆ ಮಾಡಿನ ಬಗ್ಗೆಯೂ ನಾಲ್ಕು ಸಾಲು, ಊರಿನದೇ ಹುಡುಗ ಹುಡುಗಿಯರಿಗೆ ಮಾರ್ಗದರ್ಶಕರ ತರಬೇತಿ. ಹೂಳು ತುಂಬಿದ ಶರಾಬಿ ಹೊಳೆಯನ್ನು ಚೊಕ್ಕಟ ಮಾಡುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ, ಯಾಕೆಂದರೆ ಬಂದರಿನ ಊರಿನ ಇತಿಹಾಸವನ್ನು ಅದರ ಹೊಳೆಯಿಲ್ಲದೆ ಯಾರಿಗೂ ವಿವರಿಸಲಾಗದು. ಹೊಸ ಪ್ರತಿಮೆಯೊಂದಕ್ಕೆ ತಗಲುವ ಖರ್ಚಿನ ಸಣ್ಣ ಪಾಲಿನಲ್ಲಿ ಫಲಕ, ತರಬೇತಿಗಳಾದರೂ ಮುಗಿಯುತ್ತವೆ.

ಆದರೆ ಸರ್ಕಾರ ಮಾಡಲಿ ಎಂದು ಕಾಯಬೇಕಾಗಿಲ್ಲ. ಮುಂದಿನ ಸಲ ಕರಾವಳಿಗೆ ಹೊರಡುವಾಗ ಐದು ಊರುಗಳ ಪಟ್ಟಿಯಲ್ಲಿ ಒಂದನ್ನು ಕಡಿಮೆ ಮಾಡಿ. ಸಂಜೆಗೆ ಭಟ್ಕಳ ಸೇರಿ, ಪೇಟೆಯಲ್ಲಿ ಉಂಡು, ಅಲ್ಲೇ ಮಲಗಿ, ಬೆಳಿಗ್ಗೆ ಆರಕ್ಕೆದ್ದು ಮೂಡಭಟ್ಕಳಕ್ಕೆ ನಡೆಯಿರಿ. ಒಂಬತ್ತರೊಳಗೆ ಗುಡಿ, ಬಸದಿ, ಕೇರಿಗಳನ್ನು ನೋಡಿ ಮುಗಿಸಿ. ಅಷ್ಟಾದ ಮೇಲೂ ‘ನೋಡಲೇನಿದೆ’ ಎಂದು ಕೇಳುವವರಿದ್ದರೆ ಅವರ ಜೊತೆ ವಾದಕ್ಕೆ ಕೂರಲು ನಾನು ಸಿದ್ಧ. ಹೆದ್ದಾರಿಯ ಮೇಲಿಂದ ಕೊಟ್ಟ ತೀರ್ಪನ್ನು ಮಾತ್ರ ಒಪ್ಪಲಾರೆ.